ಕೆಂಚಿಯ ಹಗ್ಗ

ಗೋಡೆಗೆ ಚಿತ್ತಾರ ಬರೆಯುವಾಗ ದುರ್ಗಮ್ಮ ನೂಲು ಹಿಡಿದೇ ಗೆರೆ ಎಳೆಯುವವಳು. ಓದು ಅವಳಿಗೆ ಬಾರದು. ಮಗಳು ನಾಗಿ ಕೋಲಸಿರ್ಸಿಯ ಶಾಲೆಯಿಂದ ವರ್ತುಲದ ಪಾಠ ತಲೆಗೆ ಹತ್ತದೆ ಅಳುತ್ತ ಬಂದ ದಿನ, ಅವಳನ್ನು ಹಿತ್ತಲಿಗೆ ಕರೆದು ಆಡು ಕೆಂಚಿಯ ಮುಂದೆ ನಿಲ್ಲಿಸಿದಳು.

"ಗೂಟ ನಡೂಮಧ್ಯ. ಹಗ್ಗ ಎಷ್ಟುದ್ದವೋ ಅಷ್ಟೇ ದೂರ ಮೇಯ್ತದೆ. ನೋಡೇ, ಹುಲ್ಲು ಹೆಂಗೆ ದುಂಡಗೆ ಬೋಳಾಗ್ಯದೆ!"

"ಮಾಸ್ತರು ಇದಕ್ಕೇ ತ್ರಿಜ್ಯ ಅಂತಾರೆ ಅವ್ವಾ!"

"ಏನಾರ ಅನ್ಲಿ. ಹಗ್ಗ ಸುಳ್ಳು ಹೇಳದಿಲ್ಲ."

ವಾರ ಕಳೆದಿರಲಿಲ್ಲ. ಒಂದು ಸಂಜೆ ಪಕ್ಕದ ಹಿತ್ತಲಿನ ಬೈರಣ್ಣ ಇವರ ಹಿತ್ತಲಿಗೇ ಕೂಗುತ್ತ ಬಂದ. "ಚೌಡಾ, ನಿನ್ನ ಆಡು ನನ್ನ ಬದನೆ ಸಸಿ ಬೋಳಿಸಿ ಹಾಕ್ಯದೆ! ಕೊಂಡವಾಡದ ದೊಡ್ಡಿಗೆ ಹೊಡ್ಕಂಡು ಹೋಗಲಾ?"

ಚೌಡ ಮಗಳತ್ತ ತಿರುಗಿದ. "ಬೆಳಿಗ್ಗೆ ಕಟ್ಟಿದವಳು ನೀನು. ಸಾಲೆ ಗ್ಯಾನದಲ್ಲಿ ಸಡಿಲ ಕಟ್ಟೀಯ. ನಾಳಿಂದ ಸಾಲೆ ಬ್ಯಾಡ, ಆಡು ಕಾಯಿ."

ತಪ್ಪು ಯಾರದೆಂದು ದುರ್ಗಮ್ಮನಿಗೆ ಗೊತ್ತಿತ್ತು. ಸುತ್ತಲ ಹುಲ್ಲು ಮುಗಿದು ಮಧ್ಯಾಹ್ನ ಕೆಂಚಿ ಒಂದೇ ಸಮ ಅರಚುತ್ತಿತ್ತು. ಗೂಟ ಕಿತ್ತು ಬೇರೆಡೆ ನೆಡುವಷ್ಟು ತಾಳ್ಮೆ ಇರಲಿಲ್ಲ, ಹಗ್ಗ ಬಿಚ್ಚಿಬಿಟ್ಟಿದ್ದಳು. ಎರಡು ಕೊಡ ನೀರು ಸೇದುವಷ್ಟರಲ್ಲಿ ಅದು ಬೇಲಿ ನುಸುಳಿತ್ತು. ಎಳೆತಂದು ಮೊದಲಿನಂತೆಯೇ ಕಟ್ಟಿ, ಯಾರೂ ನೋಡಲಿಲ್ಲವೆಂದುಕೊಂಡು ಸುಮ್ಮನಾಗಿದ್ದಳು.

ಅಪ್ಪನ ಮಾತು ಕೇಳಿದ್ದೇ ನಾಗಿ ಗೂಟದ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದು, ಹಿಮ್ಮಡಿಯಿಂದ ನೆಲ ಗೀರುತ್ತ ಒಂದು ಸುತ್ತು ಬಂದಳು. ಗೆರೆ ಬೇಲಿಗಿಂತ ಎರಡು ಮಾರು ಈಚೆಗೇ ತಿರುಗಿತು.

"ಕಟ್ಟಿದ ಆಡು ಅಲ್ಲಿಗೆ ಮುಟ್ಟದಿಲ್ಲ ಅಪ್ಪಾ. ಗಂಟೂ ಹಂಗೇ ಅದೆ. ಹಗ್ಗ ಸುಳ್ಳು ಹೇಳದಿಲ್ಲ, ಅಲ್ಲನೇ ಅವ್ವಾ?"

ಬೈರಣ್ಣ ನಕ್ಕ. "ಹಂಗಾರೆ ನನ್ನ ಸಸಿ ದೆವ್ವ ತಿಂತಾ?"

"ಎದುರುತ್ತರ ಬೇರೆ ಕಲ್ತದೆ!" ಚೌಡ ಕೈ ಎತ್ತಿದ.

ಗಂಡನ ಏಟಿಗೆ ದುರ್ಗಮ್ಮ ಅಷ್ಟಾಗಿ ಅಂಜಿದವಳಲ್ಲ. ಆದರೆ ಮಗಳು ತನ್ನನ್ನೇ ನೋಡುತ್ತಿದ್ದಳು, ಅವ್ವ ಹೌದೆನ್ನುವಳೆಂಬ ಪೂರಾ ನಂಬಿಕೆಯಲ್ಲಿ. ಆ ಕಣ್ಣು ಇನ್ನೊಂದು ಗಳಿಗೆ ಹಾಗೇ ಇರಲಿ ಎಂದು ಅವಳಿಗೆ ಆಸೆಯಾಯಿತು.

"ನಾನೇ ಬಿಚ್ಚಿದ್ದು," ಎಂದಳು.

ಚೌಡನ ಬೈಗುಳ ಕೇರಿಗೆಲ್ಲ ಕೇಳಿಸಿತು. ಶಾಲೆ ಬಿಡಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ನಾಗಿ ಮಾತ್ರ ಉಣ್ಣುವಾಗಲೂ ತಲೆ ಎತ್ತಲಿಲ್ಲ.

ಮರುದಿನ ಶಾಲೆಗೆ ಹೊರಡುವ ಮುಂಚೆ ಅವಳು ಗೂಟ ಕಿತ್ತು ಹಸಿ ಹುಲ್ಲಿನ ನಡುವೆ ನೆಟ್ಟಳು. ಕೆಂಚಿಯನ್ನು ಕಟ್ಟಿದಳು. ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ಒಮ್ಮೆ ನೋಡಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ ಹಲ್ಲಿನಿಂದ ಬಿಗಿದಳು.