ಪ್ರತಿ ಮಾತೂ ಸ್ಪಷ್ಟ

“ಪ್ರತಿ ಮಾತೂ ಕೇಳಿಸ್ತು ಅಂದ್ರಲ್ಲ ನೀವು, ನನಗಷ್ಟು ಸಾಕು,” ಎಂದಳು ಬಂದವಳು, ಇನ್ನೂ ಚಪ್ಪಲಿ ಬಿಡುವ ಮೊದಲೇ.

ಮೇಷ್ಟ್ರು ಕುರ್ಚಿಯ ಮೇಲಿದ್ದ ಉತ್ತರಪತ್ರಿಕೆಗಳನ್ನು ಎತ್ತಿ ನೆಲಕ್ಕಿಟ್ಟರು. ಕುರ್ಚಿ ಖಾಲಿಯಾಯಿತು. “ಕೂತ್ಕೊಳ್ಳಿ,” ಎಂದರು.

ಅವಳು ಗಡಿಯಾರದಜ್ಜನ ಮಗಳು. ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಅಜ್ಜ ಹೋದ ವಾರ ತೀರಿಕೊಂಡಿದ್ದ. ಮೇಷ್ಟ್ರು ಅವನ ಮುಖ ಕಂಡವರಲ್ಲ. ಆಸಕ್ತರು ಮನೆಯಿಂದಲೇ ಪರಸ್ಪರ ಮಾತಾಡುವ ಹವ್ಯಾಸಿ ರೇಡಿಯೋದಲ್ಲಿ ದಿನಾ ಬೆಳಗ್ಗೆ ಬರುವ ದನಿ, ಅಷ್ಟೆ.

ಆ ಲೋಕದಲ್ಲಿ ಮೇಷ್ಟ್ರ ಸಭ್ಯತೆಗೆ ದೊಡ್ಡ ಹೆಸರು. ಯಾರ ಮಾತಿನ ಮೇಲೂ ಮಾತು ಹಾಕಿದವರಲ್ಲ. ಎದುರಿನವರು ಮುಗಿಸಿದ ಮೇಲೂ, ಬೇರೆ ಯಾರಾದರೂ ಕಾದಿದ್ದಾರೇನೋ ಎಂದು ಒಂದು ಉಸಿರು ತಡೆದೇ ಮಾತಿನ ಗುಂಡಿ ಒತ್ತುವವರು. “ಮೇಷ್ಟ್ರನ್ನ ಕೇಳಿ ಕಲೀರಪ್ಪ,” ಎಂದು ಹಳಬರು ಹೊಸಬರಿಗೆ ಹೇಳುತ್ತಿದ್ದರು. ಅವರು ಪಾಠ ಮಾಡುವ ಕಾಲೇಜಿನಲ್ಲಿ ಯಾರೂ ಹಾಗೆ ಹೇಳಿರಲಿಲ್ಲ.

ಅಜ್ಜನ ದನಿ ಇತ್ತೀಚೆಗೆ ತೂತು ಬಿದ್ದ ಕೊಡದಂತೆ ಸೋರುತ್ತಿತ್ತು. ಏರಿಯಲ್ ತಂತಿ ಹಳತೋ, ಕೊರಳು ಹಳತೋ. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನಬೇಕು, ಅದೇ ನಿಯಮ. ಆದರೆ ಮುದುಕನೊಬ್ಬನಿಗೆ, ನೀನು ಕೇಳಿಸುತ್ತಿಲ್ಲ ಎನ್ನುವುದು ಹೇಗೆ? ಗೊರಗೊರ ಸದ್ದು ನಿಂತೊಡನೆ ಮೇಷ್ಟ್ರು ನಯವಾಗಿ ಹೇಳುತ್ತಿದ್ದರು: “ಪ್ರತಿ ಮಾತೂ ಸ್ಪಷ್ಟ, ಅಜ್ಜ.”

“ಹೇಳದೆ ಮದುವೆಯಾದೆ ಅಂತ ಅಪ್ಪ ಎರಡು ವರ್ಷ ಮಾತು ಬಿಟ್ಟಿದ್ರು,” ಎಂದಳು ಮಗಳು. “ಒಂದೇ ಮನೇಲಿ, ಅಣ್ಣಾ. ಸಾರು ಬೇಕಾದ್ರೂ ಸೌಟು ತೋರಿಸೋರು. ಅವರು ತೀರಿಕೊಳ್ಳೋಕೆ ಮುಂಚೆ ಒಂದು ಬೆಳಗ್ಗೆ ನಾನು ಬಾಗಿಲಾಚೆ ನಿಂತಿದ್ದೆ. ರೇಡಿಯೋದಲ್ಲಿ ಉಳಿದವರೆಲ್ಲ ಹೋದ ಮೇಲೆ ನಿಮ್ಮ ಹತ್ರ ನನ್ನ ಹೆಸರೆತ್ತಿದ್ರು. ಆಮೇಲೆ ದನಿ ಇಳಿಸಿಬಿಟ್ರು. ಎಷ್ಟು ಹೊತ್ತು ಹೇಳಿದ್ರು! ನೀವು ಎಲ್ಲಾ ಕೇಳಿಸ್ತು ಅಂದಾಗ ನಕ್ಕರು.”

“ನಕ್ಕರಾ?”

“ಹೂಂ. ಏನಂದ್ರು?”

“ಒಳ್ಳೇ ಮನುಷ್ಯರು.”

“ಅದನ್ನ ನಾನೇ ನಿಮಗೆ ಹೇಳ್ತೀನಿ. ಬೈದಿದ್ರೆ ಬೈದ್ರು ಅನ್ನಿ. ಬೆಲ್ಲ ಸವರಬೇಡಿ.”

‘ಕ್ಷಮಿಸಿದ್ದೀನಿ ಅಂದ್ರು’ ಎಂದುಬಿಟ್ಟರೆ ಸಾಕು. ಎಷ್ಟು ಸಣ್ಣ ಮಾತು! ನಾಲಿಗೆಯ ತುದಿಗೇ ಬಂದಿತ್ತು. ಆವತ್ತು ಕೇಳಿಸಿದ್ದು ಗೊರಗೊರ ಮಾತ್ರ; ಅಜ್ಜ ಅದನ್ನೇ ಅಂದಿದ್ದರೂ ಇರಬಹುದಲ್ಲ? ಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದಂತೆ ಇವಳ ಜೀವ ಈಗ ತನ್ನ ಗಂಟಲಲ್ಲಿತ್ತು. ಹಿಸುಕುವುದಕ್ಕೂ ಹೆದರಿಕೆ, ಹಾರಿಬಿಡುವುದಕ್ಕೂ ಹೆದರಿಕೆ.

“ನೀರು ಕುಡೀತೀರಾ?”

ಅವಳು ಅವರನ್ನೇ ನೋಡಿದಳು. “ಕೊಡಿ.”

ಅಡುಗೆಮನೆಯಲ್ಲಿ ಲೋಟ ಹಿಡಿದು ನಲ್ಲಿ ತಿರುವಿದರು. ನೀರು ಬರಲಿಲ್ಲ, ಗಾಳಿ ಬಂತು. ರೇಡಿಯೋದಂತೆಯೇ ಸುಯ್ಯೆಂದು ಒಂದೇ ಸಮನೆ, ನಡುನಡುವೆ ಯಾರೋ ಗಂಟಲು ಸರಿಮಾಡಿಕೊಂಡಂತೆ. ನಿಲ್ಲಿಸಲು ಕೈ ಬರಲಿಲ್ಲ. ಮೇಷ್ಟ್ರು ಬಗ್ಗಿ, ನಲ್ಲಿಯ ಬಾಯಿಗೆ ಕಿವಿ ಕೊಟ್ಟರು.

“ಹೇಳಿ, ಏನಂದ್ರು?” ಅವಳು ಬಾಗಿಲಿಗೇ ಬಂದು ನಿಂತಿದ್ದಳು.

ಲೋಟ ಹಿಡಿದ ಕೈಯನ್ನೇ ಎತ್ತಿ, ತಾಳು ಎಂಬಂತೆ ತೋರಿಸಿ, ಅವರು ಇನ್ನಷ್ಟು ಬಗ್ಗಿದರು.