ಕುಂದು ಕಂಡರೆ ಬಾರಿಸಿ

ನಾನು ಒಂದು ಕಂಚಿನ ಗಂಟೆ, ಕೈಯಲ್ಲಿ ಹಿಡಿದು ಬಾರಿಸುವಂಥದ್ದು. ಗುಡಿಯೊಂದರ ಪೂಜೆಗೆಂದೇ ನನ್ನನ್ನು ಎರಕ ಹೊಯ್ದರು. ಅಚ್ಚು ಬಿಚ್ಚಿ ನೋಡಿದರೆ ಅಂಚಿನಲ್ಲಿ ಕಡಲೆಕಾಳಿನಷ್ಟು ಗುಳಿ. ಊನವಾದದ್ದು ದೇವರಿಗೆ ಸಲ್ಲದೆಂದು ಪೂಜಾರಿ ಮುಟ್ಟಲೇ ಇಲ್ಲ. ದೇವರು ಏನೂ ಹೇಳಲಿಲ್ಲ, ಅದು ಬೇರೆ ಮಾತು. ಕೊನೆಗೆ ಗದಗಿನ ಹೊರಗೆ ಡೇರೆ ಹಾಕಿದ್ದ ಟೆಂಟ್ ಸಿನಿಮಾದ ಮಾಲೀಕ ನನ್ನನ್ನು ಒಯ್ದ.

ಅಲ್ಲಿ ನನ್ನದು ರಾಜಠೀವಿ. ನನ್ನನ್ನು ಬಾರಿಸಿದರೆ ಆಟ ಶುರು. ಚಹಾ ಕುಡಿಯುತ್ತಿದ್ದವರು ಬಟ್ಟಲು ಬಿಟ್ಟು ಓಡಿ ಬರುತ್ತಿದ್ದರು. ಆಮೇಲೆ ಕಂಬದ ಬುಡದಲ್ಲಿ ಕೂತು, ಮರಳಿನ ಮೇಲೆ ಕೂತ ಜನರನ್ನು ನೋಡುವುದೇ ನನ್ನ ಕೆಲಸ. ಪರದೆ ನನಗೆ ಓರೆಯಾಗಿ ಕಾಣುತ್ತಿತ್ತು. ಮುಖಗಳು ಮಾತ್ರ ನೇರವಾಗಿ ಕಾಣುತ್ತಿದ್ದವು.

ಒಮ್ಮೆ ‘ಸಂಜೆಯ ಬಂಡಿ’ ಎಂಬ ಚಿತ್ರ ಬಂತು. ಅದರಲ್ಲಿ ಒಬ್ಬ ಬಡ ತಾಯಿ ತನ್ನ ಕೂಸನ್ನು ದತ್ತು ಕೊಡುತ್ತಾಳೆ. ಕೂಸನ್ನು ಹೊತ್ತ ಬಂಡಿ ತಿರುವು ದಾಟುವವರೆಗೂ ಬಾವಿಕಟ್ಟೆಗೆ ಒರಗಿ ಸುಮ್ಮನೆ ನಿಂತಿದ್ದು, ದಾಟಿದ ಮೇಲೆ ಸೆರಗು ಮುಖಕ್ಕೆ ಒತ್ತಿ ಅಳುತ್ತಾಳೆ. ನನ್ನ ಪಕ್ಕದಲ್ಲೇ ನೀಲವ್ವ ಎಂಬ ಹೆಂಗಸು ಕೂತಿದ್ದಳು, ಜೊತೆಗೆ ಅವಳ ಹಿರಿಯ ಮಗ ಅಂದಾನಪ್ಪ. ಅವಳೂ ಕಿರಿಯ ಮಗನನ್ನು ಮೈದುನನ ಮನೆಗೆ ದತ್ತು ಕೊಟ್ಟವಳೆಂದು ಹಿಂದೆ ಕೂತವರು ಪಿಸುಗುಟ್ಟುತ್ತಿದ್ದರು. ಕೊಟ್ಟ ಕೂಸಿಗೆ ಅತ್ತರೆ ಕೂಸಿಗೆ ಕೇಡೆಂದು ಮನೆಯಲ್ಲಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲವಂತೆ. ಆ ದಿನ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಮೈಯೆಲ್ಲ ನಡುಗುವಂತೆ ಅತ್ತಳು. ಮಗ ಅದನ್ನು ನೋಡಿ, ನೋಡದವನ ಹಾಗೆ ಪರದೆಯ ಕಡೆ ತಿರುಗಿದ.

ಟೆಂಟ್ ಎದ್ದುಹೋಯಿತು. ನಾನು ಗುಜರಿ ಅಂಗಡಿಯಲ್ಲಿ ಒಡಕು ಕೊಡಪಾನಗಳ ನಡುವೆ ವರ್ಷಗಟ್ಟಲೆ ಬಿದ್ದಿದ್ದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವರು ಅದೇ ಅಂದಾನಪ್ಪನವರು. ಅಷ್ಟೊತ್ತಿಗೆ ಕೋರ್ಟಿನ ಶಿರಸ್ತೇದಾರರಾಗಿ ತಲೆ ನರೆತಿತ್ತು. ಊರಿನ ನಾಲ್ಕು ಜನ ಸಿನಿಮಾ ಹುಚ್ಚರನ್ನು ಸೇರಿಸಿ ಒಂದು ಚಿತ್ರ ಬಳಗ ಕಟ್ಟಿದ್ದರು. ಭಾನುವಾರ ಬೆಳಿಗ್ಗೆ ಹಳೆಯ ಥಿಯೇಟರಿನಲ್ಲಿ ಹಳೆಯ ಚಿತ್ರ, ಮುಗಿದ ಮೇಲೆ ಮಂಡಕ್ಕಿ ಗಿರಮಿಟ್ಟು, ಮಿರ್ಚಿ ಭಜಿ ಮತ್ತು ಜಗಳ.

ಜಗಳಕ್ಕೆ ಕಾರಣವಿತ್ತು. ದೊಡ್ಡ ಊರಿನ ಚಿತ್ರ ಸಂಗ್ರಹವೊಂದು, ಬಳಗದವರು ಒಪ್ಪಿ ಕಳಿಸಿದ ಚಿತ್ರಕ್ಕೆ ಹೊಸ ಪ್ರತಿ ತೆಗೆದು ಕಾಪಾಡುವುದಾಗಿ ಮಾತು ಕೊಟ್ಟಿತ್ತು. ಯಾವುದನ್ನು ಕಳಿಸಬೇಕು? ಒಂದೂ ಕುಂದಿಲ್ಲದ ಚಿತ್ರವೇ ಮೇರುಕೃತಿ, ಅದನ್ನೇ ಕಳಿಸಬೇಕೆಂದು ಅಂದಾನಪ್ಪನವರ ಹಟ. ಚಂದ್ರನಿಗೇ ಕಲೆ ಇರುವಾಗ ಮನುಷ್ಯರು ಮಾಡಿದ ಚಿತ್ರಕ್ಕೆ ಇರಬಾರದೇ ಎಂದು ಶಾಂತಲಾ ಹೊಂಬಳ ಎಂಬ ಶಾಲಾ ಟೀಚರ್ ವಾದಿಸುತ್ತಿದ್ದರು. ಕೊಡ ಹಾಲು ಕೆಡಿಸಲು ಹನಿ ಹುಳಿ ಸಾಕು ಎಂದು ಅಂದಾನಪ್ಪನವರ ಉತ್ತರ. ಕೋರ್ಟು ಕಂಡ ಬಾಯಿ, ಗೆದ್ದಿತು. ಹೀಗೆ ನಿಯಮ ಬಂತು: ಚಿತ್ರ ನಡೆಯುವಾಗ ಕುಂದು ಕಂಡವರು ಎದ್ದು ಬಂದು ಮುಂದಿನ ಸ್ಟೂಲಿನ ಮೇಲಿರುವ ಗಂಟೆ ಬಾರಿಸಬೇಕು. ಚಿತ್ರ ನಿಲ್ಲುತ್ತದೆ. ಬಾರಿಸಿದವರು ಕಾರಣ ಹೇಳಬೇಕು. ಕಾರಣ ನಿಜವಾದರೆ ಆ ಚಿತ್ರ ಅಲ್ಲಿಗೆ ಹೊರಗೆ. ಊನವಿದ್ದ ನನ್ನನ್ನೇ ಊನ ಎಣಿಸಲು ಕೂರಿಸಿದರು. ಸುಳ್ಳೇಕೆ ಹೇಳಲಿ, ನಾನು ಬೀಗಿದೆ.

ಹೆಚ್ಚು ಬಾರಿಸಿದವರು ಅಂದಾನಪ್ಪನವರೇ. ಒಬ್ಬರ ಮೆಚ್ಚಿನ ಚಿತ್ರದಲ್ಲಿ ಭತ್ತದ ಗದ್ದೆ ಒಂದೇ ದಿನದಲ್ಲಿ ತೆನೆ ಬಿಟ್ಟಿತ್ತು. ಢಣ್. ಇನ್ನೊಂದರಲ್ಲಿ ಸತ್ತವನ ಎದೆ ಏರಿಳಿಯಿತು. ಢಣ್. ಶಾಂತಲಾ ಅವರು ಪ್ರಾಣದಂತೆ ಪ್ರೀತಿಸಿ ತಂದ ಒಂದು ರಾಜನ ಕಥೆಯಲ್ಲಿ, ರಾಜ ಆಶೀರ್ವಾದಕ್ಕೆ ಕೈ ಎತ್ತಿದಾಗ ಮಣಿಕಟ್ಟಿನ ಮೇಲೆ ವಾಚು ಕಟ್ಟಿ ಕಟ್ಟಿ ಬಿದ್ದ ಬಿಳಿ ಪಟ್ಟಿ ಕಂಡಿತು. ಅಂದಾನಪ್ಪನವರು ಎದ್ದು ಬಂದು ಬಾರಿಸಿದರು. ಶಾಂತಲಾ ಅವರು ಎಷ್ಟು ಬೇಡಿಕೊಂಡರೂ ಚಿತ್ರವನ್ನು ಕಳಿಸಲಿಲ್ಲ. ಕೆಲವು ತಿಂಗಳಲ್ಲಿ ಆ ರೀಲುಗಳಿದ್ದ ಗೋದಾಮು ಖಾಲಿಯಾಗಿ ಎಲ್ಲವೂ ರದ್ದಿಗೆ ಹೋದವು. ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಅಂದಿನಿಂದ ಅವರು ಅಂದಾನಪ್ಪನವರೊಡನೆ ಮಾತು ಬಿಟ್ಟರು. ಬಳಗಕ್ಕೆ ಬರುವುದನ್ನು ಬಿಡಲಿಲ್ಲ. ನನ್ನ ಸ್ಟೂಲಿನ ಪಕ್ಕದ ಕುರ್ಚಿಯಲ್ಲಿ ಕೂರತೊಡಗಿದರು.

ಮರುವರ್ಷ ಅಂದಾನಪ್ಪನವರು ತಮ್ಮ ಚಿತ್ರ ತಂದರು. ‘ಸಂಜೆಯ ಬಂಡಿ’. ಎಲ್ಲಿಂದಲೋ ಹುಡುಕಿಸಿದ ಒಂದೇ ಒಂದು ಪ್ರತಿ. ಡಬ್ಬಿ ತೆರೆದರೆ ಗಪ್ಪೆಂದು ಹುಳಿ ವಾಸನೆ. ರೀಲು ಕೊಳೆಯುತ್ತಿದೆ, ಈ ಸಲ ಕಳಿಸದಿದ್ದರೆ ಮುಂದಿನ ವರ್ಷಕ್ಕೆ ಇದು ಉಳಿಯುವುದಿಲ್ಲ ಎಂದು ಪ್ರೊಜೆಕ್ಟರಿನ ಬುಡನ್‌ಸಾಬರು ಎಚ್ಚರಿಸಿದರು. ತಾಯಿಯ ಪಾತ್ರ ಮಾಡಿದ್ದ ಇಂದುಮತಿಬಾಯಿ ಹುಬ್ಬಳ್ಳಿಯಲ್ಲಿದ್ದರು. ಆ ಒಂದು ಚಿತ್ರ ಬಿಟ್ಟರೆ ನಾಟಕದಲ್ಲೇ ಬದುಕು ಸವೆಸಿದವರು. ಅವರನ್ನೂ ಕರೆಸಿದ್ದರು.

ಚಿತ್ರ ಶುರುವಾಯಿತು. ಅಂದಾನಪ್ಪನವರು ಕುಂದು ಹಿಡಿದು ಹೊರಗೆ ಹಾಕಿದ ಚಿತ್ರಗಳನ್ನು ತಂದಿದ್ದವರೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರು. ಅಂದಾನಪ್ಪನವರು ಪರದೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಯಾರಾದರೂ ಕೆಮ್ಮಿದರೂ ಬೆಚ್ಚುತ್ತಿದ್ದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ, ಗಂಡ ಹೆಂಡತಿ ಮಾತಾಡುವ ದೃಶ್ಯದಲ್ಲಿ ಹಿಂದಿನ ಗೋಡೆಯ ಮೇಲೆ ಮೈಕಿನ ನೆರಳು ಉದ್ದಕ್ಕೆ ಬಿದ್ದು ಹೋಯಿತು. ನಾನೇ ಕಂಡೆ. ಶಾಂತಲಾ ಅವರ ಬೆರಳು ನನ್ನ ಹಿಡಿಯ ಮೇಲೆ ಬಂದು ಕೂತಿತು. ಅವರು ತಿರುಗಿ ಅಂದಾನಪ್ಪನವರ ಮುಖ ನೋಡಿದರು. ಅವರೂ ನೆರಳನ್ನು ಕಂಡಿದ್ದರು. ಬೇರೆಯವರ ಚಿತ್ರವಾಗಿದ್ದರೆ ಎರಡು ದಾಪುಗಾಲಲ್ಲಿ ಬಂದು ಬಾರಿಸುತ್ತಿದ್ದವರು, ಮೊಳಕಾಲು ಹಿಡಿದುಕೊಂಡು ಕೂತೇ ಇದ್ದರು. ನನಗೆ ಮೈ ಉರಿಯಿತು. ಶಾಂತಲಾ ಅವರು ಬೆರಳನ್ನು ಅಲ್ಲೇ ಇಟ್ಟರು, ಬಾರಿಸಲಿಲ್ಲ.

ಬಂಡಿ ಬಂತು. ಕೂಸು ಹೋಯಿತು. ಬಂಡಿ ತಿರುವು ದಾಟಿತು. ತಾಯಿ ಸೆರಗನ್ನು ಮುಖಕ್ಕೆ ಒತ್ತಿದಳು. ಶಾಂತಲಾ ಅವರ ಕೈ ಸರಿಸಿ ಒಂದು ಮುದಿ ಕೈ ನನ್ನನ್ನು ಎತ್ತಿ ಬಾರಿಸಿತು. ದೀಪ ಹೊತ್ತಿದಾಗ ನೋಡಿದರೆ ಇಂದುಮತಿಬಾಯಿ.

“ಇದು ಸುಳ್ಳು ಅಳುರಿ,” ಎಂದರು. “ಶೂಟಿಂಗಿನ ಮೊದಲನೇ ದಿನ ಬಂಡಿಯೊಳಗಿನ ಕೂಸು ನನ್ನ ಕಡೆ ಕೈ ಚಾಚಿತು. ನಾ ಖರೇನ ಅತ್ತೆ. ಮೂಗು ಸೋರಿತು, ಬಾಯಿ ಸೊಟ್ಟ ಆತು. ಜನ ನಗ್ತಾರ ಅಂತ ಅದನ್ನ ಕತ್ತರಿಸಿ ಒಗದ್ರು. ಮರುದಿನ ಸೆರಗಿಗೆ ಉಳ್ಳಾಗಡ್ಡಿ ರಸ ಹಚ್ಚಿ ಅಳಿಸಿದ್ದು ಇದು. ನಿಮ್ಮ ನಿಯಮ ಕೇಳಿದ ಮ್ಯಾಲೆ ಸುಮ್ಮನ ಕೂಡಾಕ ಮನಸು ಒಪ್ಪಲಿಲ್ಲ.”

ಅಂದಾನಪ್ಪನವರು ಎದ್ದು ನಿಂತರು.

“ನಮ್ಮವ್ವ ಕೂಸು ಕೊಟ್ಟಾಕಿರಿ,” ಎಂದರು. “ಮನ್ಯಾಗ ಒಮ್ಮೆನೂ ಅಳಲಿಲ್ಲ. ಟೆಂಟಿನ್ಯಾಗ ಇದನ್ನ ನೋಡಿ ಅತ್ಲು. ಅದೂ ಸುಳ್ಳೇನ್ರಿ?”

ಇಂದುಮತಿಬಾಯಿ ಹತ್ತಿರದ ಕುರ್ಚಿ ಹಿಡಿದು ಮೆಲ್ಲಗೆ ಕೂತರು. ಯಾರೋ ಒಬ್ಬರು, ಅತಿಥಿಗಳು ಬಳಗದ ಸದಸ್ಯರಲ್ಲ, ಅವರು ಬಾರಿಸಿದ್ದು ಲೆಕ್ಕಕ್ಕಿಲ್ಲ ಎಂದು ದಾರಿ ತೋರಿಸಿದರು. ಅಂದಾನಪ್ಪನವರ ತಲೆ ಹೌದೆನ್ನುವಂತೆ ಅರ್ಧ ಅಲ್ಲಾಡಿತು. ಆಗ ಶಾಂತಲಾ ಅವರು ವರ್ಷದ ಮೇಲೆ ಮೊದಲ ಬಾರಿ ಅವರೊಡನೆ ಮಾತಾಡಿದರು.

“ಕುಂದು ಇದ್ರೂ ಇದು ಉಳೀಬೇಕು ಅಂತೀರಿ. ಹ್ವಾದ ವರ್ಷ ಈ ಮಾತು ಎಲ್ಲಿ ಹೋಗಿತ್ತು, ಸರ್?”

ಅಂದಾನಪ್ಪನವರು ನಡೆದು ಬಂದು, ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಶಾಂತಲಾ ಅವರ ಮಡಿಲಿಗಿಟ್ಟರು.

“ಮೈಕಿನ ನೆರಳು ನೀವೂ ನೋಡಿದ್ರಿ, ನಾನೂ ನೋಡಿದೆ. ನಾ ಏಳಲಿಲ್ಲ. ಇನ್ನ ನಿಮಗ ಬಿಟ್ಟದ್ದು ಟೀಚರ್. ಬಾರಿಸಿದ್ರ ಡಬ್ಬಿ ಮುಚ್ಚಿ ವಾಪಸ್ ಒಯ್ತೀನಿ.”

ದೀಪ ಆರಿತು, ಚಿತ್ರ ಮುಂದುವರಿಯಿತು. ಅಷ್ಟು ಹೊತ್ತು ನಾನು ಯಾವತ್ತೂ ಹೆದರಿ ಕೂತಿರಲಿಲ್ಲ. ಒಂದು ಸಲ ಆ ಮಡಿಲು ಅಲ್ಲಾಡಿದರೂ ನಾನು ಸದ್ದು ಮಾಡುವವಳು. ಶಾಂತಲಾ ಅವರು ನನ್ನ ಹೊಟ್ಟೆಯೊಳಗೆ ಕೈ ಹಾಕಿ ನಾಲಿಗೆಯನ್ನು ಬಿಗಿಯಾಗಿ ಹಿಡಿದರು. ಚಿತ್ರದಲ್ಲಿ ಆಮೇಲೂ ಎರಡು ತಪ್ಪು ಬಂದವು. ಒಂದೊಂದಕ್ಕೂ ಅವರ ಹಿಡಿತ ಸಡಿಲಾಗಿ ಮತ್ತೆ ಬಿಗಿಯಾಯಿತು. ಬೆರಳು ಬೆವರಿ ಜಾರುತ್ತಿದ್ದವು. ಪರದೆ ಬೆಳ್ಳಗಾಗುವವರೆಗೂ ಅವರು ಕೈ ಬಿಡಲಿಲ್ಲ.

‘ಸಂಜೆಯ ಬಂಡಿ’ ಸಂಗ್ರಹಕ್ಕೆ ಹೋಯಿತು. ಅದಕ್ಕೆ ಹೊಸ ಪ್ರತಿ ಬಂತು. ಬೇರೆ ಬೇರೆ ಊರುಗಳಲ್ಲಿ ಈಗಲೂ ತೋರಿಸುತ್ತಾರಂತೆ, ಈರುಳ್ಳಿಯ ಅಳುವಿಗೆ ಜನ ನಿಜವಾಗಿ ಅಳುತ್ತಾರಂತೆ. ನನ್ನನ್ನು ಮತ್ತೆ ಯಾರೂ ಬಾರಿಸಲಿಲ್ಲ. ಥಿಯೇಟರು ಕಲ್ಯಾಣ ಮಂಟಪವಾಯಿತು, ಬಳಗ ಚದುರಿತು. ನಾನು ಶಾಂತಲಾ ಅವರ ಮನೆಯ ಕಿಟಕಿಯಲ್ಲಿ ಹಸಿರುಗಟ್ಟುತ್ತಾ ಕೂತಿದ್ದೇನೆ. ಒಳ್ಳೆಯದು ಯಾವುದೆಂದು ನನಗೆ ಇಂದಿಗೂ ಗೊತ್ತಿಲ್ಲ. ಬಾರಿಸುವುದು ಸುಲಭವೆಂಬುದು ಮಾತ್ರ ಗೊತ್ತು.

ಭಾನುವಾರ ಅಂದಾನಪ್ಪನವರು ಕೋಲೂರಿಕೊಂಡು ಬರುತ್ತಾರೆ. ರದ್ದಿಗೆ ಹೋದ ಆ ರಾಜನ ಚಿತ್ರವನ್ನು ಹೇಳಿರೆಂದು ಕೇಳುತ್ತಾರೆ. ಶಾಂತಲಾ ಅವರು ಚಹಾ ಕೊಟ್ಟು, ದೃಶ್ಯ ದೃಶ್ಯವಾಗಿ, ಹಾಡು ಬಂದಲ್ಲಿ ಹಾಡಿ ಹೇಳುತ್ತಾರೆ. ಅಂದಾನಪ್ಪನವರು ಕಣ್ಣು ಮುಚ್ಚಿ ಕೇಳುತ್ತಾರೆ. ಆ ಚಿತ್ರವನ್ನು ಅವರೂ ನೋಡಿದ್ದರು. ಆದರೆ ರಾಜನ ಮಣಿಕಟ್ಟಿನ ಹೊರತು ಅವರಿಗೆ ಅದರಲ್ಲಿ ಏನೂ ನೆನಪಿಲ್ಲ.