ಗಾಜಿನ ಅಲ್ಮಾರಿಯ ಪುಸ್ತಕ

ಮಸ್ಕಿಯ ಅಂಗನವಾಡಿಯಲ್ಲಿ ಕೆಲಸಕ್ಕಿದ್ದ ಸೂಗಮ್ಮ ೧೯೮೯ರಲ್ಲಿ ಮನೆಯಲ್ಲೇ ಓದಿ ಪಿಯುಸಿ ಪರೀಕ್ಷೆ ಕಟ್ಟಿದಳು. ಬೇರೆ ಪುಸ್ತಕಗಳು ಅವರಿವರಿಂದ ಸಿಕ್ಕವು, ಅರ್ಥಶಾಸ್ತ್ರದ್ದು ಸಿಗಲಿಲ್ಲ. ರಾಯಚೂರಿನ ದೊಡ್ಡ ಅಂಗಡಿಗೆ ಕಾಗದ ಬರೆದರೆ, ಆರೂ ಪುಸ್ತಕಗಳ ಕಟ್ಟನ್ನೇ ಕೊಳ್ಳಬೇಕು, ಬಿಡಿಯಾಗಿ ಕೊಡುವುದಿಲ್ಲ ಎಂದು ಉತ್ತರ ಬಂತು. ಅವಳ ಗೌರವಧನದಲ್ಲಿ ಅದು ಆಗದ ಮಾತು.

ಸಿಂಧನೂರಿಗೆ ಹೋಗಿ ಇಸ್ಮಾಯಿಲ್‌ಸಾಬ್‌ನ ರದ್ದಿ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಹುಡುಕಿದಳು. ಪುಸ್ತಕ ಸಿಕ್ಕಿತು, ಆದರೆ ಅರ್ಧಕ್ಕೇ ಮುಗಿದಿತ್ತು.

“ಉಳಿದ ಹಾಳಿ ಎಲ್ಲಿ ಹೋದವ್ರಿ ಚಾಚಾ?”

“ನಿನ್ನೆ ಮಿರ್ಚಿಭಜಿ ಅಂಗಡಿಯವ ಪೊಟ್ಟಣ ಕಟ್ಟಾಕ ಒಯ್ದಾನ ಬೇಟಿ. ಒಂದಿನ ಮೊದಲ ಬರಬೇಕಿತ್ತು ನೀ. ಇದನ್ನ ಹಂಗ ಒಯ್ಯಿ.”

ಅಳಬೇಕೋ ನಗಬೇಕೋ ತಿಳಿಯದೆ ಅವಳು ಆ ಅರ್ಧವನ್ನೇ ತಂದಳು.

ಲಿಂಗಸುಗೂರಿನಲ್ಲಿ ಗೊಬ್ಬರದ ವ್ಯಾಪಾರಿ ಬಸವಂತರಾಯರು ತಂದೆಯ ಹೆಸರಿನಲ್ಲಿ ವಾಚನಾಲಯ ತೆರೆದಿದ್ದರು. ಭಾನುವಾರ ಅಲ್ಲಿಗೆ ಹೋದಳು. ಗಾಜಿನ ಅಲ್ಮಾರಿಯೊಳಗೆ ಅದೇ ಪುಸ್ತಕ, ಹೊಚ್ಚ ಹೊಸದು! ಕಾವಲಿಗಿದ್ದ ಹಂಪಣ್ಣ, “ಕೀಲಿಕೈ ಸಾಹುಕಾರ್ರ ಹತ್ರ ಐತ್ರಿ. ಅವರು ಊರಾಗಿಲ್ಲ” ಎಂದ. ಮರುವಾರವೂ ಅದೇ ಮಾತು. ಮೂರನೆಯ ವಾರ ಬಸವಂತರಾಯರೇ ಇದ್ದರು, ನೆಂಟರಿಗೆ ಅಲ್ಮಾರಿ ತೋರಿಸುತ್ತಿದ್ದರು.

“ಮನಿಗಿ ಕೊಡಂಗಿಲ್ಲವ್ವ,” ಎಂದರು.

“ಮನಿಗಿ ಬ್ಯಾಡ್ರಿ. ಇಲ್ಲೇ ಕುಂತು ಬರಕೋತೀನಿ.”

“ಕೈ ಹಚ್ಚಿ ಹಚ್ಚಿ ಹೊಲಸ ಮಾಡ್ತೀರಿ.”

ಸೂಗಮ್ಮನಿಗೆ ತಡೆಯಲಾಗಲಿಲ್ಲ. “ಓದಬಾರದಂದ್ರ ಹೊರಗ ವಾಚನಾಲಯ ಅಂತ ಬೋರ್ಡ್ ಯಾಕ ಹಾಕೀರಿ? ಮೂರು ವಾರ ಆತು ಮಸ್ಕಿಲಿಂದ ಬರಾಕತ್ತೀನಿ. ಗಾಜು ನೋಡಾಕ ಬಂದೀನೇನ್ರಿ?”

ನೆಂಟರು ಮುಖ ಮುಖ ನೋಡಿಕೊಂಡರು. ಬಸವಂತರಾಯರು ಕೀಲಿಕೈ ತೆಗೆದು ಹಂಪಣ್ಣನ ಕೈಗಿಟ್ಟರು.

ಅಂದಿನಿಂದ ಭಾನುವಾರಗಳಲ್ಲಿ ಕುಳಿತು ಪುಸ್ತಕದ ಉಳಿದರ್ಧ ಬರೆದುಕೊಂಡಳು. ಹಂಪಣ್ಣ ಪಕ್ಕದಲ್ಲೇ ನಿಂತು, “ಹಾಳಿ ಮಡಚಬ್ಯಾಡ್ರಿ” ಎನ್ನುತ್ತಿದ್ದ. ಇನ್ನೆರಡೇ ಪಾಠ ಉಳಿದಿದ್ದಾಗ ಒಂದು ವಾರ ಹೋಗಿ ನೋಡಿದರೆ ಕೋಣೆಯ ತುಂಬ ಗೊಬ್ಬರದ ಚೀಲಗಳು. ಅಲ್ಮಾರಿ ಅವುಗಳ ಹಿಂದೆ ಸಿಕ್ಕಿಕೊಂಡಿತ್ತು.

“ಗೋದಾಮು ತುಂಬೇತ್ರಿ. ಒಂದು ತಿಂಗಳ ಹಿಂಗ,” ಎಂದ ಹಂಪಣ್ಣ.

ಪರೀಕ್ಷೆಗೆ ಎಂಟೇ ದಿನ ಇತ್ತು. ಪರೀಕ್ಷೆಯಲ್ಲಿ ಆ ಎರಡು ಪಾಠಗಳಿಂದಲೇ ದೊಡ್ಡ ಪ್ರಶ್ನೆ ಬಂತು. ಅವಳು ಆ ಜಾಗ ಖಾಲಿ ಬಿಟ್ಟು ಎದ್ದಳು.

ಪಾಸಾದಳು, ಹೇಗೋ. ತಾಯಿ ಮುದುಕಮ್ಮ ಓಣಿಗೆಲ್ಲ ಸಕ್ಕರೆ ಹಂಚಿದರೆ ಇವಳು ಅಂಕಪಟ್ಟಿ ಹಿಡಿದು ಮುಖ ಗಂಟು ಹಾಕಿಕೊಂಡೇ ಕುಳಿತಿದ್ದಳು. “ಓದಾಕ ಸಿಕ್ಕಿದ್ರ ಬರೀತಿದ್ದೆನವ್ವ ನಾ,” ಎಂದಳು.

ಮರುವರ್ಷ ಪರೀಕ್ಷೆಗೆ ಕೂರಲಿದ್ದ ಗೆಳತಿ ಗದ್ದೆಮ್ಮ ಪುಸ್ತಕ ಕೇಳಲು ಬಂದಳು. ಸೂಗಮ್ಮ ಅಚ್ಚಿನ ಅರ್ಧವನ್ನೂ ಕೈಬರಹವನ್ನೂ ಸೇರಿಸಿ ದಬ್ಬಳದಿಂದ ಹೊಲಿದು ಕೊಟ್ಟಳು.

“ಕಡೀ ಎರಡು ಪಾಠ ಇಲ್ಲ. ನಿನಗ ಎಲ್ಲೆರ ಸಿಕ್ಕರ ಬರದು ಇದಕ್ಕ ಸೇರಿಸು.”